ಊರಿನ ಠರಾವು ಮೇಲೆ ಹೋದರೆ ಕೇಳುವವರು ಯಾರು? ಪಂಚಾಯತ್ ರಾಜ್ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಉಸ್ತುವಾರಿ ಸಚಿವರು

ಮಾನ್ಯರೇ,

ಸಕಲೇಶಪುರ, ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಕಡೆಯ ಎಷ್ಟೋ ಊರುಗಳಲ್ಲಿ ಮುಂಗಾರು ಹಿಡಿಯುವ ಮುಂಚೆ ಒಂದು ಕೆಲಸ ಆಗಲೇಬೇಕು. ಎರಡೋ ಮೂರೋ ಅಡಿಕೆ ಮರ ಕಡಿದು ಹಳ್ಳಕ್ಕೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಪಕ್ಕಕ್ಕೊಂದು ಬಿದಿರು ಕಟ್ಟುತ್ತಾರೆ. ಜುಲೈ ಹೊತ್ತಿಗೆ ಅದರ ಮೇಲೆ ಪಾಚಿ ಕಟ್ಟಿರುತ್ತದೆ. ಶಾಲೆಯ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ. ಒಂದು ಮಳೆಗಾಲಕ್ಕೆ ಮರ ಲಡ್ಡಾಗುತ್ತದೆ, ಮರುವರ್ಷ ಮತ್ತೆ ಕಡಿಯಬೇಕು. ಅದೇ ಹಳ್ಳಕ್ಕೆ ಸಿಮೆಂಟಿನ ಕಾಲುಸಂಕ ಬೇಕು ಎಂಬ ಬೇಡಿಕೆ ವಾರ್ಡ್ ಸಭೆಯ ನಡಾವಳಿ ಪುಸ್ತಕದಲ್ಲಿ ವರ್ಷದಿಂದ ವರ್ಷಕ್ಕೆ ನಕಲಾಗುತ್ತಾ ಬರುತ್ತದೆ. ಆ ಬೇಡಿಕೆ ಊರು ಬಿಟ್ಟು ಹೊರಟ ಮೇಲೆ ಎಲ್ಲಿಗೆ ಹೋಗುತ್ತದೆ, ಅಲ್ಲಿ ಅದನ್ನು ಕೇಳುವವರು ಯಾರು ಎಂಬುದೊಂದೇ ಈ ಪತ್ರದ ಪ್ರಶ್ನೆ.

ಪಂಚಾಯತ್ ರಾಜ್ ಕಾಯ್ದೆಯ ಲೆಕ್ಕದಲ್ಲಿ ದಾರಿ ನೇರವಾಗಿದೆ. ವಾರ್ಡ್ ಸಭೆ ಬೇಡಿಕೆ ಬರೆದುಕೊಳ್ಳುತ್ತದೆ, ಗ್ರಾಮಸಭೆ ಆದ್ಯತೆ ಕೊಡುತ್ತದೆ, ಪಂಚಾಯತಿಯ ಸಾಮಾನ್ಯ ಸಭೆ ಕ್ರಿಯಾ ಯೋಜನೆಗೆ ಸೇರಿಸುತ್ತದೆ, ಎಂಜಿನಿಯರ್ ಅಂದಾಜುಪಟ್ಟಿ ಮಾಡುತ್ತಾರೆ. ಮೊತ್ತ ಗ್ರಾಮ ಪಂಚಾಯತಿಯ ಕೈ ಮೀರಿದರೆ ತಾಲ್ಲೂಕು ಪಂಚಾಯತಿಗೆ, ಅಲ್ಲೂ ಆಗದಿದ್ದರೆ ಜಿಲ್ಲಾ ಪಂಚಾಯತಿಗೆ. ಹಳ್ಳ ಎರಡು ಪಂಚಾಯತಿಗಳ ಗಡಿಯಾಗಿದ್ದರೆ ಮೊದಲಿಂದಲೇ ತಾಲ್ಲೂಕಿನ ವಿಷಯ. ಈಗ ಈ ದಾರಿ ನಡುವೆಯೇ ಕಡಿದುಹೋಗಿದೆ. 2016ರ ಫೆಬ್ರವರಿಯಲ್ಲಿ ಆಯ್ಕೆಯಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿ ಸದಸ್ಯರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಅವರ ಜಾಗಕ್ಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಬಂದರು. ಆರು ತಿಂಗಳ ಏರ್ಪಾಡು ಎಂದುಕೊಂಡದ್ದು ವರ್ಷಗಟ್ಟಲೆ ಎಳೆಯಿತು.

ಆ ಚುನಾವಣೆಯಲ್ಲಿ ಹಾಸನ ಜಿಲ್ಲಾ ಪಂಚಾಯತಿಗೆ 40, ಚಿಕ್ಕಮಗಳೂರಿಗೆ 33 ಸದಸ್ಯರು ಬಂದಿದ್ದರು. ಒಟ್ಟು 73 ಜನ, ಅದರಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಅವರು ಹೋದ ಮೇಲೆ ಎರಡು ಜಿಲ್ಲೆಯ ಗ್ರಾಮಾಂತರದ ಮಾತು ಎತ್ತಬೇಕಾದದ್ದು 12 ಶಾಸಕರು: ಹಾಸನಕ್ಕೆ ಏಳು, ಚಿಕ್ಕಮಗಳೂರಿಗೆ ಐದು. ಶಾಸಕರ ಕೆಲಸದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಶೃಂಗೇರಿ ಕ್ಷೇತ್ರ ಕೊಪ್ಪ, ನರಸಿಂಹರಾಜಪುರಗಳನ್ನೂ ಒಳಗೊಂಡದ್ದು. ಒಬ್ಬ ಶಾಸಕರು ಅಷ್ಟೂ ಗುಡ್ಡ, ಕಣಿವೆಯ ಕಾಲುಸಂಕಗಳನ್ನು ನೆನಪಿಟ್ಟುಕೊಳ್ಳುವುದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ. ಹಾಗಾಗಿ ಶಾಸಕರ ಮನೆ ಬಾಗಿಲಿಗೆ ಹೋಗಬಲ್ಲವರ ಬೇಡಿಕೆ ಪಟ್ಟಿಗೆ ಸೇರುತ್ತದೆ. ಹೋಗಲಾರದವರ ಬೇಡಿಕೆ ನಡಾವಳಿ ಪುಸ್ತಕದಲ್ಲೇ ಉಳಿಯುತ್ತದೆ.

ಕಾಯ್ದೆ ಬರೆದವರಿಗೆ ಮಲೆನಾಡಿನ ಈ ಕಷ್ಟ ಗೊತ್ತಿತ್ತು. 1993ರ ಕಾಯ್ದೆ ಗ್ರಾಮ ಪಂಚಾಯತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆ ಇರಲಿ ಎಂದಿತು. ಹಾಸನ, ಚಿಕ್ಕಮಗಳೂರು, ಕೊಡಗು, ಶಿವಮೊಗ್ಗ ಮೊದಲಾದ ಜಿಲ್ಲೆಗಳಿಗೆ ಮಾತ್ರ 2,500 ಇದ್ದರೂ ಸಾಕು ಎಂದಿತು. ಜಿಲ್ಲಾ ಪಂಚಾಯತಿಗೂ ಹಾಗೆಯೇ: ಬೇರೆ ಕಡೆ 40,000 ಜನಕ್ಕೆ ಒಬ್ಬ ಸದಸ್ಯ ಎಂದದ್ದನ್ನು ಚಿಕ್ಕಮಗಳೂರಿಗೆ 30,000ಕ್ಕೆ ಇಳಿಸಿತು. ಮನೆಗಳು ಚದುರಿವೆ, ಮಳೆಯಲ್ಲಿ ದಾರಿ ಮುಚ್ಚುತ್ತದೆ, ಆದ್ದರಿಂದ ಪ್ರತಿನಿಧಿ ಹತ್ತಿರ ಇರಬೇಕು ಎಂಬ ವಿವೇಕ ಅದು. ಹತ್ತಿರ ಇರಲಿ ಎಂದು ಸಂಖ್ಯೆ ಇಳಿಸಿಕೊಟ್ಟ ಕಾಯ್ದೆಯ ಅಡಿಯಲ್ಲೇ ಈಗ ಪ್ರತಿನಿಧಿಯೇ ಇಲ್ಲ.

ಸಂವಿಧಾನದ ಮಾತಂತೂ ಇನ್ನೂ ಬಿಗಿ. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರ 243ಇ ವಿಧಿಯ ಪ್ರಕಾರ ಪಂಚಾಯತಿಯ ಆಯುಸ್ಸು ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಐದು ವರ್ಷ ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳ ಒಳಗೆ ಚುನಾವಣೆ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮುಗಿಸಿ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಮೇಲೆ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಡಲಾಯಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಹೊಸದಾಗಿ ಅಧ್ಯಯನ ಬೇಕು ಎಂಬ ಪ್ರಶ್ನೆಯೂ ಜೊತೆಗೆ ಬಂತು. ಎರಡೂ ನಿಜವಾದ ಪ್ರಶ್ನೆಗಳೇ. ಆದರೆ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಕ್ಷೇತ್ರ ವಿಂಗಡಣೆಯಾಗಲಿ, ಮೀಸಲಾತಿಯ ಅಧ್ಯಯನವಾಗಲಿ ಬಾಕಿ ಇದೆ ಎಂದು ಸ್ಥಳೀಯ ಸಂಸ್ಥೆಯ ಚುನಾವಣೆಯನ್ನು ಮುಂದಕ್ಕೆ ಹಾಕುವಂತಿಲ್ಲ. ಐದು ವರ್ಷ ಮುಂಚೆಯೇ ತಾರೀಖು ಗೊತ್ತಿರುವ ಕೆಲಸಕ್ಕೆ ಕೊನೆಯ ತಿಂಗಳಲ್ಲಿ ತಯಾರಿ ಶುರು ಮಾಡಿದರೆ ಹೀಗೇ ಆಗುವುದು.

ರಾಜ್ಯಕ್ಕೆ ಇದು ಮೊದಲ ಅನುಭವವೂ ಅಲ್ಲ. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಡಿ 1987ರ ಜನವರಿಯಲ್ಲಿ ಇಂದಿನ ಗ್ರಾಮ, ಜಿಲ್ಲಾ ಪಂಚಾಯತಿಗಳ ಪೂರ್ವರೂಪವಾದ ಮಂಡಲ ಪಂಚಾಯತಿ, ಜಿಲ್ಲಾ ಪರಿಷತ್ತುಗಳು ಬಂದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ. ಆ ದೊಡ್ಡ ಏರ್ಪಾಡು 1992ರಲ್ಲಿ ಅವಧಿ ಮುಗಿದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಗ್ರಾಮ ಪಂಚಾಯತಿಗೆ 1993ರ ಕೊನೆಯಲ್ಲಿ, ಮೇಲಿನ ಎರಡು ಹಂತಕ್ಕೆ 1995ರಲ್ಲಿ ಚುನಾವಣೆ ಆಗುವ ತನಕ ಹಾಗೇ ಇತ್ತು. ಆ ಖಾಲಿ ವರ್ಷಗಳಲ್ಲಿ ಇಲಾಖೆಗಳು ಒಂದೊಂದಾಗಿ ಜಿಲ್ಲಾ ಪರಿಷತ್ತಿನ ಕೈಯಿಂದ ಜಾರಿದವು. ಒಮ್ಮೆ ಜಾರಿದ ಅಧಿಕಾರ ಚುನಾವಣೆಯಾದ ಮಾತ್ರಕ್ಕೆ ಹಿಂದಿರುಗಿ ಬರುವುದಿಲ್ಲ ಎಂಬ ಭಯದಿಂದಲೇ ನಾವು ಇಷ್ಟು ಒತ್ತಿ ಹೇಳುತ್ತಿದ್ದೇವೆ.

ತಾಲ್ಲೂಕು, ಜಿಲ್ಲೆಯ ನಡುವಿನ ಹಂತಗಳು ಇಲ್ಲದಿದ್ದರೆ ಏನು ಮುಳುಗಿತು, ಗ್ರಾಮ ಪಂಚಾಯತಿ ಇದೆಯಲ್ಲ ಎನ್ನುವವರಿದ್ದಾರೆ. ಅವರಿಗೆ ಉತ್ತರ ಹೇಳಬೇಕು. ಬಹುಗ್ರಾಮ ಕುಡಿಯುವ ನೀರಿನ ಯೋಜನೆಯಲ್ಲಿ ಕೊಳವೆಯ ತುದಿಯ ಊರಿಗೆ ನೀರು ಬರದಿದ್ದರೆ, ಮೇಲಿನ ಊರಿನ ವಾಲ್ವ್ ಯಾವ ಹೊತ್ತಿಗೆ ತಿರುಗಿಸಬೇಕು ಎಂದು ಹೇಳುವ ಅಧಿಕಾರ ಯಾವ ಒಂದು ಗ್ರಾಮ ಪಂಚಾಯತಿಗೂ ಇಲ್ಲ. ಆಲೂರು, ಬೇಲೂರು, ಸಕಲೇಶಪುರ, ಮೂಡಿಗೆರೆಗಳಲ್ಲಿ ಆನೆ ಪಂಚಾಯತಿಯ ಗಡಿ ನೋಡಿ ತೋಟಕ್ಕೆ ನುಗ್ಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ಶಾಲೆ, ವಿದ್ಯಾರ್ಥಿನಿಲಯ, ಪಶು ಆಸ್ಪತ್ರೆ ಇವೆಲ್ಲ ಹಲವು ಪಂಚಾಯತಿಗಳಿಗೆ ಸೇರಿದವು. ಜಿಲ್ಲಾ ಪಂಚಾಯತಿಗೆ ಕಾಯ್ದೆ ಐದು ಸ್ಥಾಯಿ ಸಮಿತಿ ಕೊಟ್ಟಿದೆ. ಅದರಲ್ಲಿ ಶಿಕ್ಷಣ ಮತ್ತು ಆರೋಗ್ಯ ಸಮಿತಿ ಒಂದು, ಕೃಷಿ ಮತ್ತು ಕೈಗಾರಿಕಾ ಸಮಿತಿ ಇನ್ನೊಂದು. ವೈದ್ಯರಿಲ್ಲದ ಆಸ್ಪತ್ರೆಯ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಯನ್ನು ಕೂರಿಸಿ ಲೆಕ್ಕ ಕೇಳುತ್ತಿದ್ದ ಜಾಗ ಅದು. ಆಡಳಿತಾಧಿಕಾರಿ ಇರುವಾಗ ಅಧಿಕಾರಿಯನ್ನು ಅಧಿಕಾರಿಯೇ ಕೇಳಬೇಕು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದಲೇ, ಅವರೊಳಗಿಂದಲೇ ಆಯ್ಕೆಯಾಗಬೇಕು ಎಂದು 243ಝಡ್‌ಡಿ ವಿಧಿ ಹೇಳುತ್ತದೆ. ಜಿಲ್ಲಾ ಪಂಚಾಯತಿಯಲ್ಲಿ ಚುನಾಯಿತರೇ ಇಲ್ಲ ಎಂದ ಮೇಲೆ ಹಳ್ಳಿಗಳ ಪರವಾಗಿ ಆ ಸಮಿತಿಯಲ್ಲಿ ಕೂರುವವರು ಯಾರು? ಗ್ರಾಮ ಪಂಚಾಯತಿಗಳು ಪ್ರತಿವರ್ಷ ಮಾಡುವ ಅಭಿವೃದ್ಧಿ ಯೋಜನೆ ಸೇರಬೇಕಾದ ಕೊನೆಯ ಮೆಟ್ಟಿಲು ಅದು. ಅರಸೀಕೆರೆಯ ಬೋರ್‌ವೆಲ್ ಸಮಸ್ಯೆಯನ್ನೂ ಶೃಂಗೇರಿಯ ಅಡಿಕೆ ಹಳದಿ ಎಲೆ ರೋಗವನ್ನೂ ಅವುಗಳ ಜಿಲ್ಲೆಯ ಮೇಜಿನ ಮೇಲೆ ಇಟ್ಟು ತೂಗುವ ಜಾಗ ಖಾಲಿ ಇದೆ.

ಹಣದ ಮಾತು. ಕೇಂದ್ರದ 14ನೇ ಹಣಕಾಸು ಆಯೋಗ ಪೂರ್ತಿ ಅನುದಾನವನ್ನು ಗ್ರಾಮ ಪಂಚಾಯತಿಗೇ ಕೊಟ್ಟಿತ್ತು. 15ನೇ ಆಯೋಗ ಮೂರೂ ಹಂತಕ್ಕೆ ಪಾಲು ಮಾಡಿತು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗೆ ಶೇ. 85, ತಾಲ್ಲೂಕಿಗೆ ಶೇ. 10, ಜಿಲ್ಲೆಗೆ ಶೇ. 5. ಚುನಾಯಿತ ಮಂಡಳಿ ಇಲ್ಲದ ಕಡೆ ಹಣ ಬಿಡುಗಡೆಯಿಲ್ಲ ಎಂಬ ಷರತ್ತೂ ಇತ್ತು. ಚುನಾವಣೆ ಮಾಡದೆ ಇದ್ದದ್ದಕ್ಕೆ ದಂಡ ಕಟ್ಟಿದವರು ಕಾಲುಸಂಕ ಇಲ್ಲದ ಊರಿನವರು.

ಗ್ರಾಮ ಪಂಚಾಯತಿಗೆ ಬಂದ ಹಣವಾದರೂ ಊರಿನ ಇಷ್ಟದಂತೆ ಖರ್ಚಾಗುವುದಿಲ್ಲ. 2021ರಿಂದ 2026ರ ಅವಧಿಯಲ್ಲಿ ಶೇ. 60 ನಿರ್ಬಂಧಿತ: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಒಂದು ಪಂಚಾಯತಿಗೆ ವರ್ಷಕ್ಕೆ 20 ಲಕ್ಷ ಬಂತು ಎಂದು ಇಟ್ಟುಕೊಳ್ಳಿ. ನೀರಿಗೆ 6 ಲಕ್ಷ, ನೈರ್ಮಲ್ಯಕ್ಕೆ 6 ಲಕ್ಷ ಹೋದರೆ ಉಳಿದದ್ದು 8 ಲಕ್ಷ. ಅದರಲ್ಲೇ ರಸ್ತೆ, ಚರಂಡಿ, ಬೀದಿದೀಪ, ಶಾಲೆಯ ಹೆಂಚು, ಅಂಗನವಾಡಿ ಎಲ್ಲ. ಹತ್ತು ವಾರ್ಡ್ ಇದ್ದರೆ ವಾರ್ಡಿಗೆ 80 ಸಾವಿರ. ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಪಾಲು ಕೇಳುತ್ತಾರೆ, ಅದು ಸಹಜ. 80 ಸಾವಿರಕ್ಕೆ ಕಾಲುಸಂಕ ಆಗುವುದಿಲ್ಲ, ಹತ್ತಿಪ್ಪತ್ತು ಮೀಟರ್ ಕಾಂಕ್ರೀಟ್ ರಸ್ತೆ ಆಗುತ್ತದೆ. ಮಲೆನಾಡಿನ ಹಳ್ಳಿಗಳಲ್ಲಿ ಎಲ್ಲಿಂದಲೂ ಶುರುವಾಗದೆ ಎಲ್ಲಿಗೂ ಮುಟ್ಟದೆ ತುಂಡು ತುಂಡಾಗಿ ಬಿದ್ದಿರುವ ಕಾಂಕ್ರೀಟ್ ರಸ್ತೆಗಳಿಗೆ ಕಾರಣ ಇದೇ. ಮೂರು ವರ್ಷದ ಪಾಲನ್ನು ಒಂದೇ ಕಾಮಗಾರಿಗೆ ಕೂಡಿಸಲು ವಾರ್ಡುಗಳು ಒಪ್ಪಬೇಕಾದರೆ, ಮುಂದಿನ ವರ್ಷ ತಮ್ಮ ಸರದಿ ಬರುತ್ತದೆ ಎಂಬ ಭರವಸೆ ಬೇಕು. ಅಂಥ ಸರದಿಯನ್ನು ಗ್ರಾಮಸಭೆಯಲ್ಲಿ ನಿರ್ಣಯಿಸಿ, ಐದು ವರ್ಷದ ಯೋಜನೆಯಲ್ಲಿ ನಮೂದಿಸಿ, ನಡುವೆ ಅಧ್ಯಕ್ಷರು ಬದಲಾದರೂ ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಬದಲಿಸಬಾರದು ಎಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಖರ್ಚಿಲ್ಲದ ಕೆಲಸ.

ಇನ್ನು ಗ್ರಾಮಸಭೆ. ಎಲ್ಲದರ ಬೇರು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಬೇಕು. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕೋರಂಗೆ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ, ವಾರ್ಡಿನ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು. ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ. ಬಂದವರಲ್ಲಿ ಶೇ. 30ಕ್ಕೆ ಕಡಿಮೆ ಇಲ್ಲದಷ್ಟು ಮಹಿಳೆಯರಿರಬೇಕು, ಪರಿಶಿಷ್ಟರು ಅವರ ಜನಸಂಖ್ಯೆಗೆ ತಕ್ಕಷ್ಟಿರಬೇಕು. ಕಾಗದದ ಮೇಲೆ ಸೊಗಸಾಗಿದೆ. ಆದರೆ ಸಭೆ ಕರೆಯುವುದು ಕೆಲಸದ ದಿನ, ಬೆಳಗ್ಗೆ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ತೋಟದ ಆಳುಗಳು ಕೆಲಸಕ್ಕೆ ಹೋಗಿ ಮೂರು ಗಂಟೆ ಆಗಿರುತ್ತದೆ. ಸಭೆಗೆ ಬಂದರೆ ಅಂದಿನ ಕೂಲಿ ಹೋಯಿತು. ನವೆಂಬರಿನಿಂದ ಅರೇಬಿಕಾ ಕುಯ್ಲು, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ, ಹಾಗೆ ಮಾರ್ಚಿನವರೆಗೆ. ಕಡೂರು, ಅರಸೀಕೆರೆ ಕಡೆ ನವೆಂಬರ್, ಡಿಸೆಂಬರಿನಲ್ಲಿ ರಾಗಿ ಕೊಯ್ಲು, ಒಕ್ಕಣೆ. ಯೋಜನೆ ತಯಾರಿಸುವ ಗ್ರಾಮಸಭೆಗಳು ಅಕ್ಟೋಬರ್ 2ರಿಂದ ಶುರುವಾಗಿ ಸರಿಯಾಗಿ ಈ ಸುಗ್ಗಿಯ ಮಧ್ಯಕ್ಕೇ ಬಂದು ಬೀಳುತ್ತವೆ. ಜನ ಬರುವುದಿಲ್ಲ ಎಂದು ಜನರನ್ನು ದೂರುವ ಮುಂಚೆ ಕ್ಯಾಲೆಂಡರ್ ನೋಡಬೇಕು.

ಮಲೆನಾಡಿನ ತಾಲ್ಲೂಕುಗಳಿಗೆ ವಾರ್ಡ್ ಸಭೆ ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಇಳಿದು ಕುಯ್ಲು ಹಿಡಿಯುವ ಮುಂಚೆ ಆಗಲಿ. ಎರಡನೆಯದು ಏಪ್ರಿಲಿನಲ್ಲಿ. ದಿನ ವಾರದ ರಜೆಯದ್ದು, ಹೊತ್ತು ಸಂಜೆ ನಾಲ್ಕೂವರೆ. ಒಂದು ಪಂಚಾಯತಿಯ ಈ ತುದಿಯಿಂದ ಆ ತುದಿಗೆ ಹತ್ತು, ಹದಿನೈದು ಕಿಲೋಮೀಟರ್ ಇರುವುದು ಇಲ್ಲಿ ಅಪರೂಪವಲ್ಲ, ಬಸ್ಸು ದಿನಕ್ಕೆರಡು ಸಲ. ಹಾಗಾಗಿ ಎಲ್ಲ ತೀರ್ಮಾನವನ್ನೂ ಪಂಚಾಯತಿ ಕಟ್ಟಡದ ಮುಂದಿನ ಶಾಮಿಯಾನದಡಿಯಲ್ಲೇ ಮಾಡಬೇಕು ಎಂದರೆ ಪಂಚಾಯತಿ ಇರುವ ಊರಿನವರು ಮಾತ್ರ ತೀರ್ಮಾನ ಮಾಡುತ್ತಾರೆ. ಕಾಯ್ದೆಗೆ ತಂದ 2015ರ ತಿದ್ದುಪಡಿ ಜನವಸತಿ ಸಭೆಗೂ ಜಾಗ ಕೊಟ್ಟಿದೆ. ಹತ್ತು ಮನೆಯ ಕೊಪ್ಪಲಿನಲ್ಲಿ ಜಗಲಿಯ ಮೇಲೆ ಕೂತು ಒಂದು ಪುಟ ಬರೆದರೂ ಸಭೆಯೇ. ನಮ್ಮ ಎರಡು ಜಿಲ್ಲೆಗೆ ಅದಕ್ಕಿಂತ ಹೊಂದುವ ಏರ್ಪಾಡಿಲ್ಲ, ಅದಕ್ಕಿಂತ ಕಡೆಗಣಿಸಿದ್ದೂ ಇಲ್ಲ.

ಸಭೆಯೊಳಗೆ ಕೆಡುವುದು ಎರಡು ಕಡೆ. ಮೊದಲನೆಯದು, ಹಿಂದಿನ ಸಭೆಯ ಠರಾವುಗಳು ಏನಾದವು ಎಂಬ ಅನುಪಾಲನಾ ವರದಿ. ಅದನ್ನು ಮೊದಲ ವಿಷಯವಾಗಿ ಓದಬೇಕು. ಅದನ್ನು ಬಿಟ್ಟು ನೇರವಾಗಿ ಮನೆ ಹಂಚಿಕೆಯ ಫಲಾನುಭವಿ ಪಟ್ಟಿಗೆ ಹೋದರೆ ಸಭೆ ಅಲ್ಲಿಗೆ ಮುಗಿಯಿತು: ಹೆಸರು ಬಂದವರು ಎದ್ದು ಹೋಗುತ್ತಾರೆ, ಬಾರದವರು ಜಗಳಕ್ಕೆ ನಿಲ್ಲುತ್ತಾರೆ, ಉಳಿದ ವಿಷಯಕ್ಕೆ ಕೇಳುವವರಿಲ್ಲ. ಎರಡನೆಯದು ನಡಾವಳಿ ಬರೆಯುವ ರೀತಿ. ಖಾಲಿ ಹಾಳೆಯ ಕೆಳಗೆ ಸಹಿ ಹಾಕಿಸಿಕೊಂಡು, ಬರೆಯುವುದು ಆಮೇಲೆ ಕಚೇರಿಯಲ್ಲಿ. ಇದಕ್ಕೆ ಮದ್ದು ಸುಲಭ. ಪ್ರತಿ ಠರಾವನ್ನೂ ಅಲ್ಲೇ ಬರೆದು, ಮೈಕಿನಲ್ಲಿ ಓದಿ ಹೇಳಿ, ಆಮೇಲೆ ಸಹಿ. ಸಹಿಯಾದ ಪುಟದ ಫೋಟೋ ಅಂದೇ ಊರಿನ ವಾಟ್ಸಾಪ್ ಗುಂಪಿಗೆ, ಮರುದಿನ ಪಂಚಾಯತಿಯ ಫಲಕಕ್ಕೆ. ಇಷ್ಟು ಮಾಡಿದ ಪಂಚಾಯತಿಯ ಕ್ರಿಯಾ ಯೋಜನೆಯನ್ನು ಮೇಲಿನವರು ಸದ್ದಿಲ್ಲದೆ ತಿದ್ದುವುದು ಕಷ್ಟ.

ಕಾಫಿ ತೋಟದ ಲೈನ್ ಮನೆಗಳವರ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರ, ವಿಷಯ ಬೇರೆಯೇ ಹೇಳಬೇಕು. ಮನೆ ತೋಟದ ಮಾಲೀಕರದ್ದು, ಅವರ ಹೆಸರಿಗೆ ಪಂಚಾಯತಿಯ ಆಸ್ತಿ ದಾಖಲೆಯಾದ ನಮೂನೆ 9, 11 ಇಲ್ಲ, ನಿವೇಶನ ಇಲ್ಲ, ಹಾಗಾಗಿ ಮನೆ ಯೋಜನೆಯೂ ಇಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರು ಗ್ರಾಮಸಭೆಯ ಸದಸ್ಯರೂ ಅಲ್ಲ. ಪಂಚಾಯತಿ ವ್ಯಾಪ್ತಿಯಲ್ಲೇ ಹುಟ್ಟಿ ಬೆಳೆದವರು ಪಂಚಾಯತಿಯ ಲೆಕ್ಕದಲ್ಲಿ ಎಲ್ಲೂ ಇಲ್ಲದ ಸ್ಥಿತಿ ಇದು. ಮೊದಲು ಪಟ್ಟಿಗೆ ಹೆಸರು ಸೇರಿಸಲಿ, ಆಮೇಲೆ ಕಂದಾಯ ಇಲಾಖೆಯ ಜೊತೆ ಕೂತು ನಿವೇಶನಕ್ಕೆ ಜಾಗ ಗುರುತಿಸಲಿ. ಎರಡನೆಯದು ಗ್ರಾಮ ಪಂಚಾಯತಿಯೊಂದರಿಂದ ಆಗುವಂಥದ್ದಲ್ಲ, ಜಿಲ್ಲಾ ಮಟ್ಟದಲ್ಲಿ ಹಟ ಹಿಡಿಯುವ ಸದಸ್ಯರು ಬೇಕು.

ನೀರಿಗೆ ಬರೋಣ. ಮನೆಗಳಿಗೆ ನಲ್ಲಿ ನೀರು ಕೊಡುವ ಮನೆ ಮನೆಗೆ ಗಂಗೆ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರ್. 60 ಮನೆ, 300 ಜನರ ಊರಿಗೆ 16,500 ಲೀಟರ್ ಆಯಿತು. ಕಡೂರು, ಅರಸೀಕೆರೆ ಸೀಮೆಯ ಆಳದ ಬೋರ್‌ವೆಲ್‌ಗೆ 7.5 ಎಚ್‌ಪಿ ಮೋಟಾರು ಇಳಿಸಿ, ಸೋರಿಕೆಯನ್ನೂ ಸೇರಿಸಿ ದಿನಕ್ಕೆ ಆರು ಗಂಟೆ ಓಡಿಸಿದರೆ ಸುಮಾರು 34 ಯೂನಿಟ್, ತಿಂಗಳಿಗೆ ಸಾವಿರ ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ 6,000 ರೂಪಾಯಿ. ಮನೆಗೆ ತಿಂಗಳಿಗೆ 100 ರೂಪಾಯಿ ನೀರಿನ ಕಂದಾಯ ಹಾಕಿ, ಅರವತ್ತೂ ಮನೆಯವರು ತಪ್ಪದೆ ಕಟ್ಟಿದರೆ ಬರುವುದೂ ಅಷ್ಟೇ, 6,000. ನೀರುಗಂಟಿಯ ಸಂಬಳ, ಪೈಪು, ವಾಲ್ವ್, ಮೋಟಾರು ರಿವೈಂಡಿಂಗ್ ಇವಕ್ಕೆ ಒಂದು ಕಾಸೂ ಉಳಿಯಲಿಲ್ಲ. ಪಂಚಾಯತಿಗಳ ವಿದ್ಯುತ್ ಬಾಕಿ ಬೆಟ್ಟವಾಗಿ ಬೆಳೆದದ್ದು ಯಾರೋ ಸೋಮಾರಿಗಳಾದ್ದರಿಂದಲ್ಲ, ಲೆಕ್ಕವೇ ಕೂಡುವುದಿಲ್ಲ.

ಆ 55 ಲೀಟರಿನಲ್ಲಿ ದನದ ಪಾಲು ಇಲ್ಲ. ಹಾಲು ಕೊಡುವ ಹಸು ದಿನಕ್ಕೆ 40, 50 ಲೀಟರ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಡೇರಿಗೆ ಹಾಲು ಹಾಕಿ ಬದುಕುವ ಹಾಸನ ಜಿಲ್ಲೆಯ ಹಳ್ಳಿಯಲ್ಲಿ ಮನೆಗೆರಡು ಹಸು ಇದ್ದರೆ 60 ಮನೆಗೆ ಇನ್ನೂ 5,000, 6,000 ಲೀಟರ್. ಯೋಜನೆ ಬರೆಯುವಾಗ ಇದು ಲೆಕ್ಕಕ್ಕೆ ಬರಲಿಲ್ಲ. ಊರವರನ್ನು ಕೇಳಿದ್ದರೆ ಮೊದಲ ಮಾತೇ ಅದಾಗಿರುತ್ತಿತ್ತು. ಮಲೆನಾಡಿನಲ್ಲಿ ತಪ್ಪುವುದು ಬೇರೆ ಕಡೆ. ಅಲ್ಲಿ ನಾಲ್ಕು ಮನೆಗೆ ಒಂದು ಕಿಲೋಮೀಟರ್ ಪೈಪು ಬೇಕು, ಗುಡ್ಡದ ಒರತೆಯಿಂದ ಇಳಿದು ಬರುವ ನೀರು ಒಂಬತ್ತು ತಿಂಗಳು ಬಿಟ್ಟಿಯಾಗಿ ಸಿಗುತ್ತದೆ, ಕೊರತೆ ಮಾರ್ಚಿನಿಂದ ಮೇ ತನಕ. ಬೋರ್ ಕೊರೆದು ಟ್ಯಾಂಕ್ ಕಟ್ಟುವ ಬದಲು ಒರತೆಯ ಮೇಲಿನ ಕಾಡು ಉಳಿಸಿ, ಕೆಳಗೊಂದು ದೊಡ್ಡ ತೊಟ್ಟಿ ಕಟ್ಟಿದರೆ ಆಗುವ ಕಡೆಗಳು ಬಹಳ. ಊರೊಳಗಿನ ಕಾಮಗಾರಿಗೆ ಗುಡ್ಡಗಾಡು, ಕಾಡಿನ ಹಳ್ಳಿಗಳೂ ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಹಳ್ಳಿಗಳೂ ಶೇ. 5, ಉಳಿದವು ಶೇ. 10 ವಂತಿಗೆ ಕೊಡಬೇಕು ಎಂಬುದು ಯೋಜನೆಯ ನಿಯಮ. ವಂತಿಗೆ ಊರಿನದ್ದು ಎಂದ ಮೇಲೆ ನಕ್ಷೆಯೂ ಊರಿನ ಮುಂದೆ ಬರಬೇಕಲ್ಲವೇ?

ಮೋಟಾರು ಸುಡುವುದಕ್ಕೆ ಮೂರು ಕಾರಣ: ಮೂರರಲ್ಲಿ ಒಂದು ಫೇಸ್ ಹೋಗುವುದು, ವೋಲ್ಟೇಜ್ ಕುಸಿಯುವುದು, ನೀರಿನ ಮಟ್ಟ ಇಳಿದು ಮೋಟಾರು ಬರಿದೇ ಓಡುವುದು. ಪ್ಯಾನೆಲ್ ಬೋರ್ಡಿನಲ್ಲಿ ಇವನ್ನು ತಡೆಯುವ ರಿಲೇ ಇರುತ್ತದೆ. ಅದು ಪದೇಪದೇ ಟ್ರಿಪ್ ಆಗುತ್ತದೆ, ಊರವರು ಬೈಯುತ್ತಾರೆ, ನೀರುಗಂಟಿ ಬೇಸತ್ತು ನೇರ ಸಂಪರ್ಕ ಕೊಡುತ್ತಾನೆ, ವಾರದಲ್ಲಿ ಕಾಯಿಲ್ ಸುಟ್ಟಿರುತ್ತದೆ. ಆಮೇಲೆ ಮೋಟಾರು ಎತ್ತಿ, ರಿವೈಂಡಿಂಗಿಗೆ ಕಳಿಸಿ, ಇಳಿಸುವ ತನಕ ಟ್ಯಾಂಕರ್. ತಾಲ್ಲೂಕು ಪಂಚಾಯತಿ ನಾಲ್ಕೈದು ಮೋಟಾರು, ಎರಡು ಪ್ಯಾನೆಲ್ ಬೋರ್ಡು ದಾಸ್ತಾನಿಟ್ಟು, ಸುಟ್ಟದ್ದು ಕೊಟ್ಟು ಸರಿಯಿದ್ದದ್ದು ಒಯ್ಯುವ ಏರ್ಪಾಡು ಮಾಡಿದರೆ ವಾರದ ಕೆಲಸ ಅರ್ಧ ದಿನಕ್ಕೆ ಇಳಿಯುತ್ತದೆ. ನೀರುಗಂಟಿಗೆ ವರ್ಷಕ್ಕೊಮ್ಮೆ ಎರಡು ದಿನದ ತರಬೇತಿ ಬೇಕು. ಇಂಥ ಸಣ್ಣ, ಬೇಸರದ, ಅಗತ್ಯದ ಕೆಲಸಕ್ಕೇ ನಡುವಿನ ಹಂತ ಇರುವುದು.

ಸ್ವಂತ ಆದಾಯದ ವಿಷಯದಲ್ಲಿ ತಪ್ಪು ಪಂಚಾಯತಿಗಳಲ್ಲಿ ದುಡಿದ ನಮ್ಮ ಕಡೆಯದ್ದೂ ಇದೆ, ಮುಚ್ಚಿಡುವುದಿಲ್ಲ. ಮನೆ ಕಂದಾಯ ಪರಿಷ್ಕರಿಸಲು ಸದಸ್ಯರು ಹೆದರುತ್ತಾರೆ. ವೋಟು ಕೇಳಲು ಹೋಗಬೇಕಾದದ್ದು ಅದೇ ಮನೆಗೆ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಬೆಟ್ಟಗಳಲ್ಲಿ ಸಾಲುಗಟ್ಟಿರುವ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ಹಲವು ಪಂಚಾಯತಿಯ ವಹಿಯಲ್ಲಿ ಇನ್ನೂ ವಾಸದ ಮನೆಗಳೇ. ಅವರ ಕಸ ಎತ್ತುವುದು ಪಂಚಾಯತಿ, ಅವರ ಅತಿಥಿಗಳ ಜೀಪು ಓಡುವುದು ಪಂಚಾಯತಿ ರಸ್ತೆಯಲ್ಲಿ. ವಾಣಿಜ್ಯ ಕಟ್ಟಡವೆಂದು ಅಳತೆ ಮಾಡಿ ತೆರಿಗೆ ಹಾಕುವ ಅಧಿಕಾರ ಕಾಯ್ದೆಯಲ್ಲೇ ಇದೆ. ಬೇಕಾಗಿರುವುದು ಅಳೆಯುವ ಕೈ. ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎರಡು ಪಂಚಾಯತಿಗೆ ಪ್ರಭಾರ, ಕರ ವಸೂಲಿಗಾರ ಒಬ್ಬನೇ ಇದ್ದರೆ ಅಳೆಯುವವರಾರು? ವಸೂಲಾದದ್ದರಲ್ಲೂ ಪೂರ್ತಿ ಪಂಚಾಯತಿಗಲ್ಲ. 1,000 ರೂಪಾಯಿ ಕಂದಾಯದ ಮೇಲೆ ಆರೋಗ್ಯ ಉಪಕರ ಶೇ. 15, ಶಿಕ್ಷಣ 10, ಗ್ರಂಥಾಲಯ 6, ಭಿಕ್ಷುಕರ ಪರಿಹಾರ 3, ಒಟ್ಟು 340 ರೂಪಾಯಿ ಸೇರಿಸಿ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಮನೆಯವರ ಕಣ್ಣಿಗೆ ಕಾಣುವುದು 1,340, ಬೈಗುಳ ಪಂಚಾಯತಿಗೆ. ಆರೋಗ್ಯ ಮತ್ತು ಶಿಕ್ಷಣ ಉಪಕರವನ್ನಾದರೂ ಅದೇ ಊರಿನ ಉಪಕೇಂದ್ರ, ಶಾಲೆಗೆ ಖರ್ಚು ಮಾಡಲು ಬಿಡಿ. ಕಟ್ಟುವವರಿಗೆ ತಮ್ಮ ದುಡ್ಡು ಕಣ್ಣಿಗೆ ಕಾಣಲಿ.

ಕಾಡಿನ ಅನುಮತಿ ಇಲ್ಲ ಎಂದು ನಿಂತ ಕಾಮಗಾರಿಗಳ ಬಗ್ಗೆ ಒಂದು ಮಾತು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ರಸ್ತೆ, ಶಾಲೆ, ಅಂಗನವಾಡಿ, ವಿದ್ಯುತ್ ತಂತಿ, ಕುಡಿಯುವ ನೀರಿನ ಪೈಪು ಸೇರಿದಂತೆ 13 ಬಗೆಯ ಸೌಕರ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡಿನ ಜಾಗ ಕೊಡಲು ಅವಕಾಶ ಮಾಡಿದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು. ಗ್ರಾಮಸಭೆಯ ಒಂದು ಠರಾವಿಗೆ ಇಷ್ಟು ನೇರವಾದ ಬೆಲೆ ಕೊಟ್ಟ ಕಾನೂನು ಬೇರೆ ಕಡಿಮೆ. ಆದರೂ ಮಲೆನಾಡಿನ ಬಹುಪಾಲು ಪಂಚಾಯತಿಗಳಲ್ಲಿ ಈ ಕಲಮಿನ ಅರ್ಜಿ ನಮೂನೆ ಕಂಡವರು ವಿರಳ. ಭರ್ತಿ ಮಾಡಿದ ಒಂದು ಮಾದರಿ ಅರ್ಜಿ, ಒಂದು ಮಾದರಿ ಠರಾವು, ನಕ್ಷೆ ಹೇಗಿರಬೇಕು ಎಂಬ ಒಂದು ಪುಟ, ಇಷ್ಟನ್ನು ಇಲಾಖೆ ಪ್ರತಿ ಪಂಚಾಯತಿಗೆ ಕಳಿಸಲಿ.

ಅಧ್ಯಕ್ಷೆಯರ ಡಿಜಿಟಲ್ ಕೀ ಬಗ್ಗೆಯೂ ಹೇಳದೆ ಇರಲಾಗದು. ಪಂಚಾಯತಿಯ ಬಿಲ್ಲು ಪಾವತಿಗೆ ಪಿಡಿಒ ಮತ್ತು ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿಯೂ ಬೇಕು. ಅರ್ಧ ಸ್ಥಾನ ಮಹಿಳೆಯರಿಗೆ ಎಂದು ರಾಜ್ಯ ತೀರ್ಮಾನಿಸಿದ್ದು 2010ರಲ್ಲಿ. ಆ ಪುಟ್ಟ ಕೀ ಅಧ್ಯಕ್ಷೆಯ ಗಂಡನ ಜೇಬಿನಲ್ಲೋ ಕಚೇರಿಯ ಡ್ರಾಯರಿನಲ್ಲೋ ಇದ್ದರೆ ಮೀಸಲಾತಿ ಅಲ್ಲಿಗೆ ಮುಗಿಯಿತು. ಅವರಿಗೆ ಆಯ್ಕೆಯಾದ ಮೊದಲ ತಿಂಗಳಲ್ಲೇ ಅಳತೆ ಪುಸ್ತಕ ಓದುವುದು, ಬಿಲ್ಲು ಹೋಲಿಸುವುದು, ತಾವೇ ಕೀ ಹಾಕುವುದು, ಇಷ್ಟನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಕಲಿಸಿ. ಭಾಷಣದ ತರಬೇತಿ ಬೇಡ.

ನಾವು ಕೇಳುವುದು ಇಷ್ಟು. ತಾಲ್ಲೂಕು, ಜಿಲ್ಲಾ ಪಂಚಾಯತಿಗಳ ಚುನಾವಣೆಯ ಮೀಸಲಾತಿ ಪಟ್ಟಿ ಮತ್ತು ತಾರೀಖಿನ ಬಗ್ಗೆ ಲಿಖಿತ ಉತ್ತರ. ಇನ್ನು ಮುಂದೆ ಮೂರೂ ಹಂತದ ಕ್ಷೇತ್ರ ವಿಂಗಡಣೆ ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ಮುಗಿಯಬೇಕು, ಮುಗಿಯದಿದ್ದರೆ ಹಳೆಯ ಕ್ಷೇತ್ರಗಳಲ್ಲೇ ಚುನಾವಣೆ ನಡೆಯಬೇಕು ಎಂಬ ತಿದ್ದುಪಡಿ. ಆಡಳಿತಾಧಿಕಾರಿಗಳ ಕಾಲದಲ್ಲಿ ಎರಡು ಜಿಲ್ಲೆಯಲ್ಲಿ ಮಂಜೂರಾದ ಕಾಮಗಾರಿಗಳ ಪಟ್ಟಿ, ಯಾವ ಗ್ರಾಮಸಭೆಯ ಎಷ್ಟನೇ ಠರಾವಿನ ಮೇಲೆ ಮಂಜೂರಾಯಿತು ಎಂಬ ಕಾಲಂ ಸಮೇತ. ಆ ಕಾಲಂ ಖಾಲಿ ಇರುವ ಕಾಮಗಾರಿಗಳು ಎಷ್ಟು ಎಂಬುದು ಜನರಿಗೆ ಗೊತ್ತಾಗಬೇಕು. ಮಲೆನಾಡಿಗೆ ಬೇರೆಯ ಸಭೆಯ ಕ್ಯಾಲೆಂಡರ್, ಹೊಸ ಅನುದಾನಗಳಲ್ಲಿ ನಿರ್ಬಂಧವಿಲ್ಲದ ಪಾಲು ಅರ್ಧಕ್ಕಾದರೂ ಏರುವಂತೆ ಕೇಂದ್ರದ ಮೇಲೆ ಒತ್ತಾಯ, ಕುಡಿಯುವ ನೀರಿನ ಮೋಟಾರುಗಳ ವಿದ್ಯುತ್ತಿಗೆ ಪ್ರತ್ಯೇಕ ದರ.

ತಮ್ಮ ಉತ್ತರವನ್ನು ಮುಂದಿನ ಗ್ರಾಮಸಭೆಗಳಲ್ಲಿ ಅನುಪಾಲನಾ ವರದಿಯ ಮೊದಲ ವಿಷಯವಾಗಿ ಓದಲು ಎರಡೂ ಜಿಲ್ಲೆಯ ಪಂಚಾಯತಿಗಳನ್ನು ಕೇಳಿಕೊಂಡಿದ್ದೇವೆ. ಉತ್ತರ ಬಾರದಿದ್ದರೆ ಬಂದಿಲ್ಲ ಎಂದೇ ಓದಿ ನಡಾವಳಿಯಲ್ಲಿ ದಾಖಲಿಸಲಾಗುವುದು.

ಇಂತಿ,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಗ್ರಾಮ ಪಂಚಾಯತಿಗಳಲ್ಲಿ ಸದಸ್ಯರಾಗಿ, ಕಾರ್ಯದರ್ಶಿಗಳಾಗಿ ದುಡಿದವರು